ಹಿಸ್ಸೆ ಆದಮೇಲೆ ಉಳಿದ ದೊಡ್ಡಮನೆ

(ಒಂದು ಓದುಗರ ಬಳಗದಲ್ಲಿ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ ನಗರದ ಬಗ್ಗೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಗಡಿಬಿಡಿಯಲ್ಲಿ ಬಿಟ್ಟುಹೋದ ಕೆಲವನ್ನು ಇಲ್ಲಿ ಸೇರಿಸಿದ್ದೇನೆ.)

ಮಾತಿಗೆ ಕರೆದವರು ಫೋನಿನಲ್ಲಿ ಕೇಳಿದರು, "ವಿಯೆನ್ನಾ ಅಂದ್ರೆ ಮೊಜಾರ್ಟ್, ಬೀಥೋವನ್ ಬಗ್ಗೆನಾ ಸಾರ್?" ಇಲ್ಲಪ್ಪ, ಅಲ್ಲಿ ಜನ ಕಡಿಮೆ ಆದದ್ದರ ಬಗ್ಗೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ರಾಜಧಾನೀಲಿ ಜನ ಕಡಿಮೆ ಆಗ್ತಾರಾ?"

ಬೆಂಗಳೂರಿನಲ್ಲಿ ಕೂತವರು ಹಾಗೆ ಕೇಳುವುದು ಸಹಜ. ನಮಗೆ ಊರು ಅಂದರೆ ಬೆಳೆಯುವ ವಸ್ತು. ಕೆರೆ ನುಂಗುತ್ತದೆ, ಪಕ್ಕದ ಹಳ್ಳಿ ನುಂಗುತ್ತದೆ, ನಾವು ಬೈಯುತ್ತೇವೆ, ಅದು ಬೆಳೆಯುತ್ತಲೇ ಇರುತ್ತದೆ. ಊರು ಕುಗ್ಗುವುದನ್ನು ಊಹಿಸಿಕೊಳ್ಳಲಿಕ್ಕೇ ನಮಗೆ ಅಭ್ಯಾಸವಿಲ್ಲ. ಅದಕ್ಕೇ ಮೊದಲು ಬೋರ್ಡಿನ ಮೇಲೆ ನಾಲ್ಕು ಅಂಕಿ ಬರೆದೆ.

1910ರ ಜನಗಣತಿಯಲ್ಲಿ ವಿಯೆನ್ನಾದ ಜನಸಂಖ್ಯೆ 20 ಲಕ್ಷ 31 ಸಾವಿರ. 1951ರಲ್ಲಿ 16 ಲಕ್ಷ 16 ಸಾವಿರ. 1980ರ ದಶಕದ ಕೊನೆಗೆ 15 ಲಕ್ಷಕ್ಕೂ ಕೆಳಗೆ. ಮತ್ತೆ 20 ಲಕ್ಷ ಮುಟ್ಟಿದ್ದು 2023ರಲ್ಲಿ. ಅಂದರೆ 1910ರಲ್ಲಿ ಎಷ್ಟು ಜನ ಇದ್ದರೋ ಅಷ್ಟಾಗಲು ಆ ಊರಿಗೆ ನೂರು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ಮೊದಲ ಮಹಾಯುದ್ಧದ ನಡುವೆ, ಆಗಿನ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯದ ಪೂರ್ವದ ಅಂಚಿನ ಗಲೀಷಿಯಾದ ಕಡೆಯಿಂದ ನಿರಾಶ್ರಿತರು ಬಂದು ತುಂಬಿದಾಗ, ಸಂಖ್ಯೆ 22 ಲಕ್ಷ ದಾಟಿತ್ತು. ಆ ಎತ್ತರಕ್ಕೆ ಊರು ಇನ್ನೂ ಏರಿಲ್ಲ.

ಯಾಕೆ ಹೀಗಾಯಿತು ಅಂತ ಹೇಳಲು ನನಗೆ ನಮ್ಮ ಕಡೆಯ ಒಂದು ಚಿತ್ರವೇ ಸುಲಭ. ದೊಡ್ಡ ಕೂಡುಕುಟುಂಬ. ಹಿಸ್ಸೆ ಆಗುತ್ತದೆ. ಒಬ್ಬ ಮಗನಿಗೆ ಗದ್ದೆ, ಒಬ್ಬನಿಗೆ ತೋಟ, ಇನ್ನೊಬ್ಬನಿಗೆ ರೈಸ್ ಮಿಲ್ಲು. ಕೊನೆಯವನಿಗೆ ಹಿರಿಯರ ತೊಟ್ಟಿಮನೆ. ಕಂಬ, ಜಗಲಿ, ಪಣತ, ನೂರು ಜನಕ್ಕೆ ಅಡುಗೆ ಮಾಡುವ ಪಾತ್ರೆ ಎಲ್ಲ ಇದೆ. ಹೊಲ ಮಾತ್ರ ಇಲ್ಲ. ಹೊರಗಿನಿಂದ ನೋಡಿದವರು ಇವನೇ ಅದೃಷ್ಟವಂತ ಅನ್ನುತ್ತಾರೆ. ಮಳೆಗಾಲದಲ್ಲಿ ಹೆಂಚು ಕೈಯಾಡಿಸಲು ದುಡ್ಡಿಲ್ಲದೆ ಅವನು ಒದ್ದಾಡುವುದು ಅವನಿಗೇ ಗೊತ್ತು.

1918ರಲ್ಲಿ, ಯುದ್ಧ ಸೋತು ಸಾಮ್ರಾಜ್ಯ ಒಡೆದು ಹೋಳಾದಾಗ, ವಿಯೆನ್ನಾದ ಪಾಲಿಗೆ ಬಂದದ್ದು ಆ ತೊಟ್ಟಿಮನೆ.

ಹಿಸ್ಸೆಗೆ ಮುಂಚೆ ಆ ಮನೆ ಹೇಗಿತ್ತು ಅಂತ ಸ್ವಲ್ಪ ನೋಡಬೇಕು. ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯದಲ್ಲಿ ಐದು ಕೋಟಿಗೂ ಜಾಸ್ತಿ ಜನ. ಬೊಹೀಮಿಯಾ, ಮೊರಾವಿಯಾದಲ್ಲಿ ಕಾರ್ಖಾನೆಗಳು. ಸೈಲೀಷಿಯಾದ ಅಂಚಿನಲ್ಲಿ ಕಲ್ಲಿದ್ದಲು. ಹಂಗರಿಯ ಬಯಲಿನಲ್ಲಿ ಗೋಧಿ. ಟ್ರಿಯೆಸ್ಟ್‌ನಲ್ಲಿ ಬಂದರು. ವಿಯೆನ್ನಾದಲ್ಲಿ ಇದ್ದದ್ದು ಇವನ್ನೆಲ್ಲ ಲೆಕ್ಕ ಇಡುವ ಕಚೇರಿಗಳು, ಸಾಲ ಕೊಡುವ ಬ್ಯಾಂಕುಗಳು, ಆಳುವ ಅರಮನೆ. ಒಂದೊಂದು ರೈಲು ನಿಲ್ದಾಣ ಒಂದೊಂದು ದಿಕ್ಕಿಗೆ. ಬ್ರನೋ, ಕ್ರಾಕೋವ್ ಕಡೆಗೆ ನಾರ್ಡ್‌ಬಾನ್‌ಹೋಫ್. ಟ್ರಿಯೆಸ್ಟ್ ಕಡೆಗೆ ಸ್ಯೂಡ್‌ಬಾನ್‌ಹೋಫ್. ಪ್ರಾಗ್ ಕಡೆಗೆ ಫ್ರಾಂಝ್ ಯೋಸೆಫ್ ನಿಲ್ದಾಣ. ಬಂದವರು ಇಳಿದು ಅಲ್ಲೇ ಉಳಿದರು. 1910ರಲ್ಲಿ ಊರಿನ ಅರ್ಧಕ್ಕಿಂತ ಹೆಚ್ಚು ಜನ ಬೇರೆ ಎಲ್ಲೋ ಹುಟ್ಟಿ ಬಂದವರು. ಇಟ್ಟಿಗೆ ಗೂಡುಗಳಲ್ಲಿ ದುಡಿದವರಲ್ಲಿ ಚೆಕ್ ಜನರೇ ಜಾಸ್ತಿ. ಇಂದಿಗೂ ವಿಯೆನ್ನಾದ ಕರೆಗಂಟೆಗಳ ಪಕ್ಕದ ಹೆಸರುಗಳನ್ನು ಓದುತ್ತಾ ಹೋದರೆ ಪ್ರಾಗ್‌ನಲ್ಲಿ ಇದ್ದೇವೋ ಅನಿಸುತ್ತದೆ.

ಊರು ಇನ್ನೂ ಬೆಳೆಯುತ್ತದೆ, 40 ಲಕ್ಷ ಆಗುತ್ತದೆ ಅಂತಲೇ ಯೋಜನೆ ಮಾಡುವವರ ಲೆಕ್ಕ. ಅದಕ್ಕೆ ತಕ್ಕ ಹಾಗೆ ಕಟ್ಟಿದರು. ಆಲ್ಪ್ಸ್ ಬೆಟ್ಟದ ಬುಗ್ಗೆಗಳಿಂದ ನೀರು ತರಲು 1873ರಲ್ಲಿ ಒಂದು ಕಾಲುವೆ, 1910ರಲ್ಲಿ ಎರಡನೆಯದು. ಪಂಪು ಇಲ್ಲ, ಇಳಿಜಾರಿನಲ್ಲೇ ಹರಿದು ಬರುತ್ತದೆ. ವಾಸ್ತುಶಿಲ್ಪಿ ಓಟ್ಟೋ ವಾಗ್ನರ್ ಕೈಯಲ್ಲಿ ನಗರ ರೈಲಿನ ನಿಲ್ದಾಣಗಳು ಎದ್ದವು. ಸಿಮ್ಮರಿಂಗ್‌ನಲ್ಲಿ ಕೋಟೆಯಂಥ ನಾಲ್ಕು ಗ್ಯಾಸೋಮೀಟರ್‌ಗಳು, ಅಂದರೆ ಊರಿಗೆ ಬೇಕಾದ ಗ್ಯಾಸ್ ತುಂಬಿಡುವ ಭಾರೀ ತೊಟ್ಟಿಗಳು. ಸತ್ತವರಿಗೂ ಜಾಗ ಬೇಕಲ್ಲ, 1874ರಲ್ಲೇ ಸುಮಾರು ಎರಡೂವರೆ ಚದರ ಕಿಲೋಮೀಟರಿನ ಸೆಂಟ್ರಲ್ ಸ್ಮಶಾನ ತೆರೆದರು. ಅರಮನೆಯ ಹೊಸ ಭಾಗವಾದ ನಾಯೆ ಬುರ್ಗ್, ರಿಂಗ್ ರಸ್ತೆಯ ಯುದ್ಧ ಸಚಿವಾಲಯದ ಭಾರೀ ಕಟ್ಟಡ, ಎರಡೂ ಮುಗಿದದ್ದು 1913ರ ಸುಮಾರಿಗೆ. ಗೃಹಪ್ರವೇಶ ಆಗಿ ಐದು ವರ್ಷಕ್ಕೆ ಸಾಮ್ರಾಜ್ಯವೇ ಇಲ್ಲ.

ಇದೆಲ್ಲ ವೈಭವದ ಮುಖ. ಇನ್ನೊಂದು ಮುಖ ವಠಾರದ್ದು. ಕೆಲಸಗಾರರ ಮನೆ ಅಂದರೆ ಒಂದು ಕೋಣೆ, ಒಂದು ಅಡುಗೆಮನೆ. ನೀರಿನ ನಲ್ಲಿ ಹೊರಗೆ ಓಣಿಯಲ್ಲಿ, ಇಡೀ ಮಹಡಿಗೆ ಒಂದೇ. ಅದಕ್ಕೆ ಬಸ್ಸೇನಾ ಅನ್ನುತ್ತಾರೆ. ಕಕ್ಕಸೂ ಓಣಿಯಲ್ಲೇ. ಬಾಡಿಗೆ ಕಟ್ಟಲಾಗದ ಮನೆಯವರು ತಮ್ಮ ಹಾಸಿಗೆಯನ್ನೇ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ಮಲಗಿ ಎದ್ದು ಹೋಗುವುದು. ಸಂಗೀತದ ವಿಯೆನ್ನಾ ಅಂತ ನಾವು ಕೊಂಡಾಡುವ ಕಾಲವೂ ಇದೇ.

ಸರಿ, ಹಿಸ್ಸೆ ಆಯಿತು. 1919ರ ಸೆಪ್ಟೆಂಬರಿನ ಸೇಂಟ್ ಜರ್ಮೇನ್ ಒಪ್ಪಂದದ ನಂತರ ಉಳಿದ ಆಸ್ಟ್ರಿಯಾದಲ್ಲಿ ಸುಮಾರು 65 ಲಕ್ಷ ಜನ. ಅದರಲ್ಲಿ ನೂರಕ್ಕೆ ಇಪ್ಪತ್ತೊಂಬತ್ತರಷ್ಟು ಮಂದಿ ವಿಯೆನ್ನಾದಲ್ಲೇ. ಬೆಟ್ಟದ ಸೀಮೆಯ ರೈತರು ಈ ಊರಿಗೆ ಒಂದು ಅಡ್ಡಹೆಸರು ಕೂಗತೊಡಗಿದರು: ವಾಸ್ಸರ್‌ಕೋಪ್ಫ್. ತಲೆಯಲ್ಲಿ ನೀರು ತುಂಬಿ ಊದಿಕೊಂಡ ಮಗುವಿಗೆ ಹೇಳುವ ಮಾತು. ಮೈ ಸಣ್ಣದು, ತಲೆ ದೊಡ್ಡದು. ಕ್ರೂರವಾದ ಮಾತು. ಆದರೆ ಲೆಕ್ಕಕ್ಕೆ ತಪ್ಪಿರಲಿಲ್ಲ.

ಹೊಸ ಗಡಿಗಳ ಆಚೆ ಹೋದವರು ಕಲ್ಲಿದ್ದಲು, ಗೋಧಿ ಕಳಿಸಲು ಅವಸರ ಮಾಡಲಿಲ್ಲ. ಅವರಿಗೂ ಕೊರತೆ ಇತ್ತು, ಹಳೇ ಯಜಮಾನನ ಮೇಲೆ ಸಿಟ್ಟೂ ಇತ್ತು. ಚಳಿಗಾಲದಲ್ಲಿ ವಿಯೆನ್ನಾದ ಜನ ಊರ ಪಕ್ಕದ ಕಾಡಿಗೆ ಹೋಗಿ ಮರ ಕಡಿದು ಬೆನ್ನ ಮೇಲೆ ಹೊತ್ತು ತಂದರು. ಮಕ್ಕಳನ್ನು ಊಟ ಸಿಗಲಿ ಅಂತ ಸ್ವಿಟ್ಜರ್ಲೆಂಡಿಗೆ, ಹಾಲೆಂಡಿಗೆ ರೈಲು ಹತ್ತಿಸಿದರು. ದುಡ್ಡಿನ ಕಥೆ ಇನ್ನೂ ಘೋರ. ಯುದ್ಧಕ್ಕೆ ಮುಂಚೆ ಒಂದು ಡಾಲರಿಗೆ ಸುಮಾರು 5 ಕ್ರೋನ್. 1922ರ ಆಗಸ್ಟ್ ಹೊತ್ತಿಗೆ 70 ಸಾವಿರ ದಾಟಿತು. ಜೀವನವಿಡೀ ಕೂಡಿಟ್ಟ ನಿವೃತ್ತ ಗುಮಾಸ್ತನ ಉಳಿತಾಯದಲ್ಲಿ ಒಂದು ಹೊತ್ತಿನ ಊಟವೂ ಬರಲಿಲ್ಲ.

ಆಗ ಲೀಗ್ ಆಫ್ ನೇಷನ್ಸ್, ಅಂದರೆ ಇಂದಿನ ವಿಶ್ವಸಂಸ್ಥೆಗೆ ಮುಂಚೆ ಇದ್ದ ದೇಶಗಳ ಒಕ್ಕೂಟ, ಸಾಲ ಕೊಡಿಸಿತು. 65 ಕೋಟಿ ಚಿನ್ನದ ಕ್ರೋನ್. ಜೊತೆಗೆ ಒಬ್ಬ ಮೇಲ್ವಿಚಾರಕನನ್ನೂ ಕಳಿಸಿತು. ರೋಟರ್‌ಡ್ಯಾಮಿನ ಮೇಯರ್ ಆಗಿದ್ದ ಆಲ್ಫ್ರೆಡ್ ಝಿಮ್ಮರ್‌ಮನ್. ಷರತ್ತು ಏನು? ಒಂದು ಲಕ್ಷ ಸರ್ಕಾರಿ ನೌಕರರನ್ನು ಮನೆಗೆ ಕಳಿಸಬೇಕು. ಐದು ಕೋಟಿ ಜನರನ್ನು ಆಳಲು ಬೇಕಾದ ಗುಮಾಸ್ತರು 65 ಲಕ್ಷ ಜನರ ದೇಶದಲ್ಲಿ ಕೂತಿದ್ದರಲ್ಲ. ವಿಯೆನ್ನಾದ ಮಟ್ಟಿಗೆ ಸರ್ಕಾರಿ ಕೆಲಸವೇ ಒಂದು ಕಾರ್ಖಾನೆ ಇದ್ದ ಹಾಗೆ. ಅದರ ಬಾಗಿಲಿಗೂ ಬೀಗ ಬೀಳತೊಡಗಿತು. ಚೆಕ್ ಜನರಲ್ಲಿ ಸಾವಿರಾರು ಸಂಸಾರಗಳು ಗಂಟುಮೂಟೆ ಕಟ್ಟಿ ತಮ್ಮ ಹೊಸ ದೇಶಕ್ಕೆ ಹೊರಟವು. ಕಟ್ಟಿದವರೇ ಎದ್ದು ಹೋದರು.

ಬ್ಯಾಂಕುಗಳು ಮಾತ್ರ ಸಾಮ್ರಾಜ್ಯ ಇನ್ನೂ ಇದೆ ಅನ್ನುವ ಹಾಗೇ ನಡೆದವು. ರೋಥ್‌ಶೀಲ್ಡ್ ಮನೆತನ 1855ರಲ್ಲಿ ಹುಟ್ಟುಹಾಕಿದ್ದ ಕ್ರೆಡಿಟ್‌ಆನ್‌ಸ್ಟಾಲ್ಟ್ ಎಲ್ಲಕ್ಕಿಂತ ದೊಡ್ಡದು. ಹಿಸ್ಸೆಯಲ್ಲಿ ಬೇರೆಯಾದವರ ಕಾರ್ಖಾನೆಗಳಿಗೂ ಸಾಲ ಕೊಡುತ್ತಲೇ ಹೋಯಿತು. 1929ರಲ್ಲಿ ಮುಳುಗುತ್ತಿದ್ದ ಇನ್ನೊಂದು ಬ್ಯಾಂಕನ್ನು ಸರ್ಕಾರ ಇದರ ಕೊರಳಿಗೆ ಕಟ್ಟಿತು. 1931ರ ಮೇ 11ಕ್ಕೆ ಇದೇ ಕುಸಿಯಿತು. ಯುರೋಪಿನ ಮಹಾಕುಸಿತದ ಒಂದು ದೊಡ್ಡ ಬಿರುಕು ಬಿಟ್ಟದ್ದು ಇಲ್ಲೇ. 1933ರ ಹೊತ್ತಿಗೆ ದೇಶದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸ ಇರಲಿಲ್ಲ.

ಇಷ್ಟೆಲ್ಲ ಬಡತನದ ನಡುವೆ ವಿಯೆನ್ನಾ ಮಾಡಿದ ಒಂದು ಕೆಲಸವನ್ನು ಮಾತ್ರ ಜಗತ್ತು ಇವತ್ತಿಗೂ ನೋಡಲು ಬರುತ್ತದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ಈ ಕಥೆಯನ್ನು ಸಾಮಾನ್ಯವಾಗಿ ಅರ್ಧವೇ ಹೇಳುತ್ತಾರೆ.

1917ರಲ್ಲಿ, ಯುದ್ಧದ ನಡುವೆ, ಸೈನಿಕರ ಸಂಸಾರ ಬೀದಿಗೆ ಬೀಳಬಾರದು ಅಂತ ಬಾಡಿಗೆ ಏರಿಸುವಂತಿಲ್ಲ ಎಂದು ಕಾನೂನು ತಂದರು. ಆಮೇಲೆ ಹಣದುಬ್ಬರ ಬಂತು. ಬಾಡಿಗೆಯ ಅಂಕಿ ಹಾಗೇ ನಿಂತಿತು, ದುಡ್ಡಿನ ಬೆಲೆ ಕರಗಿತು. ಕೊನೆಗೆ ತಿಂಗಳ ಬಾಡಿಗೆ ಇದ್ದೂ ಇಲ್ಲದ ಹಾಗೆ ಆಯಿತು. ಮನೆ ಕಟ್ಟಿ ಬಾಡಿಗೆಗೆ ಬಿಡುವ ವ್ಯಾಪಾರ ಸತ್ತಿತು. ಅದರ ಜೊತೆ ನಿವೇಶನದ ಬೆಲೆಯೂ ಬಿತ್ತು. ಯಾರೂ ಕೊಳ್ಳುವವರಿಲ್ಲ. ಕೊಂಡದ್ದು ಪಾಲಿಕೆ.

1919ರಿಂದ ಪಾಲಿಕೆ ಕೆಲಸಗಾರರ ಪಕ್ಷವಾದ ಸೋಷಿಯಲ್ ಡೆಮಾಕ್ರಟರ ಕೈಯಲ್ಲಿತ್ತು. 1922ರ ಜನವರಿ 1ರಿಂದ ವಿಯೆನ್ನಾ ತಾನೇ ಒಂದು ರಾಜ್ಯವಾಯಿತು. ಅಂದರೆ ತೆರಿಗೆ ಹಾಕುವ ಅಧಿಕಾರ ಬಂತು. ಹಣಕಾಸು ನೋಡುತ್ತಿದ್ದ ಹ್ಯೂಗೋ ಬ್ರೈಟ್ನರ್ ಮೊದಲು ಬ್ಯಾಂಕಿನಲ್ಲಿದ್ದ ಮನುಷ್ಯ, ದುಡ್ಡು ಎಲ್ಲಿ ಅಡಗಿರುತ್ತದೆ ಅಂತ ಗೊತ್ತಿತ್ತು. ಶಾಂಪೇನಿಗೆ ತೆರಿಗೆ, ಮನೆಯಾಳು ಇಟ್ಟುಕೊಂಡರೆ ತೆರಿಗೆ, ಕಾರಿಗೆ ತೆರಿಗೆ. 1923ರಲ್ಲಿ ವಸತಿ ತೆರಿಗೆ, ಮನೆ ದೊಡ್ಡದಾದಷ್ಟೂ ಜಾಸ್ತಿ. ಆ ದುಡ್ಡಿನಲ್ಲಿ ಹತ್ತು ಹನ್ನೊಂದು ವರ್ಷಕ್ಕೆ 60 ಸಾವಿರಕ್ಕೂ ಹೆಚ್ಚು ಮನೆ ಕಟ್ಟಿದರು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಒಂದರಲ್ಲೇ 1,382 ಮನೆ. ಉದ್ದ ಒಂದು ಕಿಲೋಮೀಟರಿಗೂ ಜಾಸ್ತಿ. ಒಳಗೇ ಬಟ್ಟೆ ಒಗೆಯುವ ಜಾಗ, ಶಿಶುವಿಹಾರ, ಗ್ರಂಥಾಲಯ. ಮುಖ್ಯವಾಗಿ, ನಲ್ಲಿ ಮತ್ತು ಕಕ್ಕಸು ಮನೆಯ ಒಳಗೆ.

ಈಗ ಇದನ್ನು ಜನಸಂಖ್ಯೆಯ ಪಕ್ಕದಲ್ಲಿ ಇಟ್ಟು ನೋಡಿ. 1923ರಲ್ಲಿ ಊರಿನಲ್ಲಿ 18 ಲಕ್ಷ 66 ಸಾವಿರ ಜನ. 1934ರಲ್ಲಿ 18 ಲಕ್ಷ 74 ಸಾವಿರ. 60 ಸಾವಿರ ಮನೆ ಎದ್ದರೂ ಜನ ಹೆಚ್ಚಾಗಿದ್ದು ಎಂಟು ಸಾವಿರ! ಬೆಳೆಯುವ ಊರಿನಲ್ಲಿ ಸರ್ಕಾರ ಎಷ್ಟು ಮನೆ ಕಟ್ಟಿದರೂ ಹೊಸಬರು ಬಂದು ತುಂಬಿಕೊಳ್ಳುತ್ತಾರೆ. ಇಲ್ಲಿ ತುಂಬಲು ಯಾರೂ ಬರುತ್ತಿರಲಿಲ್ಲ. ಹಾಗಾಗಿ ಇದ್ದವರೇ ಸ್ವಲ್ಪ ಕಾಲು ಚಾಚಿದರು. ವಿಯೆನ್ನಾದ ವಸತಿ ಮಾದರಿ ನಮ್ಮಲ್ಲೂ ಬರಲಿ ಅಂತ ಹೇಳುವವರು ಇದೊಂದನ್ನು ಬಿಟ್ಟು ಹೇಳುತ್ತಾರೆ ಅನ್ನುವುದು ನನ್ನ ತಕರಾರು. ಬ್ರೈಟ್ನರ್‌ನ ತೆರಿಗೆಯೂ ಬೇಕಿತ್ತು, ಪಾತಾಳಕ್ಕೆ ಬಿದ್ದ ನಿವೇಶನದ ಬೆಲೆಯೂ ಬೇಕಿತ್ತು.

ಮಕ್ಕಳೂ ಹುಟ್ಟುತ್ತಿರಲಿಲ್ಲ. ಪಾಲಿಕೆಯ ಆರೋಗ್ಯದ ಹೊಣೆ ಹೊತ್ತಿದ್ದ ಡಾಕ್ಟರ್ ಯೂಲಿಯುಸ್ ಟಾಂಡ್ಲರ್ 1927ರಿಂದ ಮಗು ಹುಟ್ಟಿದ ಮನೆಗೆ ಬಟ್ಟೆಯ ಪೊಟ್ಟಣ ಕಳಿಸುವ ಏರ್ಪಾಡು ಮಾಡಿದರು. ವಿಯೆನ್ನಾದ ಯಾವ ಮಗುವನ್ನೂ ಸುದ್ದಿಪತ್ರಿಕೆಯಲ್ಲಿ ಸುತ್ತುವಂತಾಗಬಾರದು ಅನ್ನುವುದು ಅದರ ಹಿಂದಿನ ಮಾತು. ಒಳ್ಳೆಯ ಪೊಟ್ಟಣ. ಆದರೆ ಗಂಡನಿಗೆ ಕೆಲಸವಿಲ್ಲದ, ಒಂದೇ ಕೋಣೆಯಲ್ಲಿ ಅತ್ತೆಮಾವನೂ ಇರುವ ಹೆಣ್ಣುಮಗಳು ಪೊಟ್ಟಣ ನೋಡಿ ಮಗು ಹೆರುವುದಿಲ್ಲ. 1930ರ ದಶಕದಲ್ಲಿ ಜಗತ್ತಿನಲ್ಲೇ ತೀರಾ ಕಡಿಮೆ ಮಕ್ಕಳು ಹುಟ್ಟುತ್ತಿದ್ದ ಊರುಗಳಲ್ಲಿ ವಿಯೆನ್ನಾ ಒಂದು. ಹುಟ್ಟುವವರಿಗಿಂತ ಸಾಯುವವರು ಹೆಚ್ಚು ಅನ್ನುವ ಸ್ಥಿತಿ ಅಲ್ಲಿಂದ ಹಲವು ದಶಕ ನಡೆಯಿತು.

1934ರ ಫೆಬ್ರವರಿಯಲ್ಲಿ, ಪಾಲಿಕೆಯ ಪಕ್ಷವನ್ನು ಕಂಡರಾಗದ ದೇಶದ ಸರ್ಕಾರದ ಸೇನೆ ಕಾರ್ಲ್ ಮಾರ್ಕ್ಸ್ ಹೋಫ್ ಮೇಲೆ ಫಿರಂಗಿ ಹಾರಿಸಿತು. ಸೋಷಿಯಲ್ ಡೆಮಾಕ್ರಟರ ಈ ಕಾಲಕ್ಕೆ ಕೆಂಪು ವಿಯೆನ್ನಾ ಅನ್ನುತ್ತಾರೆ, ಅದರ ಕಥೆ ಅಲ್ಲಿಗೆ ನಿಂತಿತು.

ಮುಂದಿನದು ಬೇರೆ ತರಹದ ಇಳಿತ. ಅದನ್ನು ಹಿಸ್ಸೆಯ ಹೋಲಿಕೆಯೊಳಗೆ ತೂರಿಸಲು ನನಗೆ ಮನಸ್ಸಿಲ್ಲ. 1923ರ ಗಣತಿಯಲ್ಲಿ ವಿಯೆನ್ನಾದಲ್ಲಿ 2 ಲಕ್ಷ ಯಹೂದಿಗಳಿದ್ದರು, ಹತ್ತು ಜನರಲ್ಲಿ ಒಬ್ಬರು. ವೈದ್ಯರು, ವಕೀಲರು, ಪತ್ರಿಕೆಯವರು, ದರ್ಜಿಗಳು, ಹಳೇ ಬಟ್ಟೆ ಮಾರುವವರು. 1938ರ ಮಾರ್ಚಿನಲ್ಲಿ ಹಿಟ್ಲರ್ ಬಂದ. ಒಂದು ಲಕ್ಷಕ್ಕೂ ಜಾಸ್ತಿ ಜನ ಎಲ್ಲ ಬಿಟ್ಟು ಓಡಿದರು. ಬೆರ್ಗ್‌ಗಾಸ್ಸೆಯ 19ನೇ ನಂಬರಿನ ಮನೆಯಲ್ಲಿ 47 ವರ್ಷ ಇದ್ದ ಸಿಗ್ಮಂಡ್ ಫ್ರಾಯ್ಡ್ ಆ ಜೂನ್‌ನಲ್ಲಿ ಲಂಡನ್ನಿಗೆ ಹೊರಟಾಗ ವಯಸ್ಸು 82. ಓಡಲಾಗದವರನ್ನು ರೈಲಿನಲ್ಲಿ ತುಂಬಿ ಕಳಿಸಿದರು. ಸುಮಾರು 65 ಸಾವಿರ ಆಸ್ಟ್ರಿಯನ್ ಯಹೂದಿಗಳ ಕೊಲೆಯಾಯಿತು. ಅವರ ಮನೆಗಳಿಗೆ ನೆರೆಯವರು ಬಂದು ಸೇರಿಕೊಂಡರು. ವಸತಿ ಸಮಸ್ಯೆಗೆ ಅದೂ ಒಂದು ಪರಿಹಾರ ಅಂತ ಆ ಕಾಲದ ಅಧಿಕಾರ ಎಣಿಸಿತು. ಜನಸಂಖ್ಯೆ ಇಳಿಯಿತು ಅನ್ನುವ ಒಂದು ಸಾಲಿನ ಹಿಂದೆ ಇದೂ ಇದೆ.

ಅದೇ 1938ರಲ್ಲಿ ನಾತ್ಸಿಗಳು ಸುತ್ತಲಿನ 97 ಊರುಗಳನ್ನು ಸೇರಿಸಿ ವಿಸ್ತೀರ್ಣದಲ್ಲಿ ಇದನ್ನು ತಮ್ಮ ಜರ್ಮನ್ ರಾಜ್ಯವಾದ ರೈಷ್‌ನ ಅತಿ ದೊಡ್ಡ ನಗರ ಮಾಡಿದರು. ಜೊತೆಗೇ ರಾಜಧಾನಿ ಪಟ್ಟ ಕಿತ್ತುಕೊಂಡರು. 1954ರಲ್ಲಿ ಆ ಊರುಗಳಲ್ಲಿ ಬಹುಪಾಲು ಹಿಂದಕ್ಕೆ ಹೋದವು.

ಯುದ್ಧ ಮುಗಿದಾಗ ಪ್ರಾಟರ್ ಪಾರ್ಕಿನ ಹೆಸರಾಂತ ಜೈಂಟ್ ವೀಲ್ ಸುಟ್ಟು ನಿಂತಿತ್ತು. 1897ರಲ್ಲಿ ಕಟ್ಟಿದಾಗ ಅದಕ್ಕೆ 30 ಡಬ್ಬಿ, ಒಂದೊಂದೂ ಸಣ್ಣ ಕೋಣೆಯಷ್ಟು. ರಿಪೇರಿ ಮಾಡಿ 1947ರಲ್ಲಿ ಮತ್ತೆ ತಿರುಗಿಸಿದಾಗ ಚೌಕಟ್ಟಿನ ಶಕ್ತಿಯ ಮೇಲೆ ಅನುಮಾನ ಬಂದು 15 ಮಾತ್ರ ತೂಗುಹಾಕಿದರು. ಒಂದು ಬಿಟ್ಟು ಒಂದು. ಇವತ್ತಿಗೂ ಹಾಗೇ ಇದೆ. ಪ್ರವಾಸಿಗರಿಗೆ ಅದು ಗೊತ್ತಾಗುವುದೂ ಇಲ್ಲ, ಮೊದಲಿಂದಲೂ ಹೀಗೇ ಇತ್ತೇನೋ ಅಂದುಕೊಂಡು ಫೋಟೋ ತೆಗೆಯುತ್ತಾರೆ.

1945ರಿಂದ ಹತ್ತು ವರ್ಷ ನಾಲ್ಕು ದೇಶಗಳ ಸೈನ್ಯ ಊರನ್ನು ಹಂಚಿಕೊಂಡಿತ್ತು. ಸುತ್ತಲಿನ ಸೀಮೆಯೆಲ್ಲ ಸೋವಿಯತ್ ಕೈಯಲ್ಲಿ. ಕಾರ್ಖಾನೆ ಇಟ್ಟಿದ್ದವನು ಏನು ಮಾಡುತ್ತಾನೆ? ಯಂತ್ರ ಕಿತ್ತುಕೊಂಡು ಲಿಂಟ್ಸ್‌ಗೋ ಸಾಲ್ಜ್‌ಬರ್ಗ್‌ಗೋ ಹೋಗುತ್ತಾನೆ. ಅಮೆರಿಕದ ನೆರವಾದ ಮಾರ್ಷಲ್ ಯೋಜನೆಯ ದುಡ್ಡೂ ಹೆಚ್ಚಾಗಿ ಪಶ್ಚಿಮದ ಕಡೆಗೇ ಹರಿಯಿತು. ಲಿಂಟ್ಸ್‌ನ ಉಕ್ಕಿನ ಕಾರ್ಖಾನೆ ಹೊಗೆ ಬಿಡುತ್ತಿದ್ದಾಗ ವಿಯೆನ್ನಾದಲ್ಲಿ ಪಿಂಚಣಿದಾರರು ಒಂದು ಕಾಫಿ ತರಿಸಿಕೊಂಡು ಮೂರು ಗಂಟೆ ಪೇಪರ್ ಓದುತ್ತಿದ್ದರು. 1955ರ ಮೇ 15ಕ್ಕೆ ಒಪ್ಪಂದವಾಗಿ ಸೈನ್ಯಗಳು ಹೋದವು. ಆದರೆ ಕಬ್ಬಿಣದ ಪರದೆ, ಅಂದರೆ ಸೋವಿಯತ್ ಬಣದ ದೇಶಗಳ ಮುಚ್ಚಿದ ಗಡಿ, ಉಳಿಯಿತು.

ಆ ಪರದೆ ಎಷ್ಟು ಹತ್ತಿರ ಅಂತ ನಕ್ಷೆ ನೋಡಿದರೆ ಗಾಬರಿಯಾಗುತ್ತದೆ. ಬ್ರಾಟಿಸ್ಲಾವಾ ಸುಮಾರು 60 ಕಿಲೋಮೀಟರ್. ಬೆಂಗಳೂರಿನಿಂದ ರಾಮನಗರ ದಾಟಿದಷ್ಟು ದೂರ. ಅಲ್ಲಿಗೆ ಮುಳ್ಳುತಂತಿ, ಕಾವಲು ಗೋಪುರ. ವಿಯೆನ್ನಾ ಪ್ರಾಗ್‌ಗಿಂತ ಪೂರ್ವಕ್ಕಿದೆ. ನಡುಮನೆಯಾಗಿದ್ದದ್ದು ಹಿತ್ತಲಾಯಿತು. ಸಾಮ್ರಾಜ್ಯದ ಹೆಬ್ಬಾಗಿಲಾಗಿದ್ದ ನಾರ್ಡ್‌ಬಾನ್‌ಹೋಫ್ ಯುದ್ಧದಲ್ಲಿ ಹಾಳಾಗಿತ್ತು. ಅದನ್ನು ಮತ್ತೆ ಕಟ್ಟುವ ಗೋಜಿಗೇ ಹೋಗದೆ 1965ರಲ್ಲಿ ಕೆಡವಿದರು. ಆ ಕಡೆಗೆ ಹೋಗುವವರಾದರೂ ಯಾರು?

ಬಾಡಿಗೆ ನಿಯಂತ್ರಣ ಮುಂದುವರಿದೇ ಇತ್ತು. ಹಳೇ ಬಾಡಿಗೆಗೆ ಫ್ರೀಡನ್ಸ್‌ಸಿನ್ಸ್ ಅನ್ನುತ್ತಿದ್ದರು, ಯುದ್ಧಕ್ಕೆ ಮುಂಚಿನ ಶಾಂತಿಕಾಲದ ಬಾಡಿಗೆ ಅಂತ. ಅಜ್ಜಿಯ ಹೆಸರಿನ ಮನೆ ಮೊಮ್ಮಗಳಿಗೆ ಬರುತ್ತಿತ್ತು, ಬಾಡಿಗೆ ಅಜ್ಜಿಯ ಕಾಲದ್ದೇ. ಮಾಲೀಕ ಬಣ್ಣ ಹೊಡೆಸುತ್ತಿರಲಿಲ್ಲ. ಬಸ್ಸೇನಾ ನಲ್ಲಿ 1970ರ ದಶಕದಲ್ಲೂ ಸಾವಿರಾರು ವಠಾರಗಳಲ್ಲಿ ತೊಟ್ಟಿಕ್ಕುತ್ತಲೇ ಇತ್ತು. ಅದರ ಹತ್ತಿರ ಬಕೆಟ್ ಹಿಡಿದು ನಿಂತವರ ಹರಟೆಗೆ ವಿಯೆನ್ನಾ ಭಾಷೆಯಲ್ಲಿ ಪ್ರತ್ಯೇಕ ಪದವೇ ಇದೆ, ಬಸ್ಸೇನಾ ಟ್ರಾಚ್. ನಮ್ಮ ವಠಾರದ ನಲ್ಲಿ ಹತ್ತಿರ ಬೆಳಗ್ಗೆ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ, ಅಲ್ವಾ?

1976ರ ಆಗಸ್ಟ್ 1, ಭಾನುವಾರ. ಬೆಳಗಿನ ಜಾವ ಐದು ಗಂಟೆಯೂ ಆಗಿಲ್ಲ. ಡ್ಯಾನ್ಯೂಬ್ ಮೇಲಿನ ದೊಡ್ಡ ಸೇತುವೆ ರೈಷ್‌ಬ್ರ್ಯೂಕೆ ಇದ್ದಕ್ಕಿದ್ದ ಹಾಗೆ ನದಿಗೆ ಬಿತ್ತು. ಭೂಕಂಪವಿಲ್ಲ, ಪ್ರವಾಹವಿಲ್ಲ. ಸುಮ್ನೆ ಬಿತ್ತು. ಭಾನುವಾರದ ಬೆಳಗಾದ್ದರಿಂದ ಸತ್ತವರು ಒಬ್ಬರೇ. ವಾರದ ದಿನ ಸಂಜೆ ಆಗಿದ್ದರೆ ಏನಾಗುತ್ತಿತ್ತೋ.

ಆ ಕಾಲದ ವಿಯೆನ್ನಾ ಮುಪ್ಪಿನ ಊರು. ಬೂದು ಬಣ್ಣದ ಗೋಡೆ, ಒಂಟಿ ವಿಧವೆಯರು, ನಾಯಿಗಳು. ಸೆಂಟ್ರಲ್ ಸ್ಮಶಾನದ ಬಗ್ಗೆ ಒಂದು ಜೋಕು ಇತ್ತು: ಜೂರಿಕ್‌ನ ಅರ್ಧದಷ್ಟು ದೊಡ್ಡದು, ಆದರೆ ಎರಡರಷ್ಟು ಮಜಾ. ಅಲ್ಲಿ ಹೂತವರ ಲೆಕ್ಕ ಸುಮಾರು 30 ಲಕ್ಷ. ಊರಲ್ಲಿ ಬದುಕಿರುವವರಿಗಿಂತ ಜಾಸ್ತಿ. 71ನೇ ನಂಬರಿನ ಟ್ರಾಮ್ ಅಲ್ಲಿಗೆ ಹೋಗುತ್ತದೆ. ಯಾರಾದರೂ ತೀರಿಕೊಂಡರೆ "71 ಹತ್ತಿದ" ಅನ್ನುವುದು ಅಲ್ಲಿನ ವಾಡಿಕೆ.

ಈಗ ನಾನು ಹೇಳಬೇಕೆಂದು ಬಂದ ಮಾತು. ಆ ಟ್ರಾಮ್ ಇನ್ನೂ ಇದೆ. ಯಾಕೆ ಇದೆ? ಯುರೋಪಿನ ಎಷ್ಟೋ ಊರುಗಳು 1950, 60ರ ದಶಕದಲ್ಲಿ ಕಾರಿಗೆ ದಾರಿ ಬಿಡಲು ಟ್ರಾಮ್ ಹಳಿ ಕಿತ್ತು ಹಾಕಿದವು. ವಿಯೆನ್ನಾವೂ ಕೆಲವು ಕಿತ್ತಿತು. ಎಲ್ಲವನ್ನೂ ಕಿತ್ತು ಹೊಸದು ಮಾಡುವಷ್ಟು ಅವಸರವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಮೆಟ್ರೋ ಕೆಲಸ ಶುರುವಾದದ್ದೇ 1969ರಲ್ಲಿ. ಬಂದ ಮೆಟ್ರೋದ ಒಂದು ಭಾಗ ಓಟ್ಟೋ ವಾಗ್ನರ್ ಕಾಲದ ಹಳಿಯನ್ನೇ ಹಿಡಿದು ಓಡಿತು. ಸ್ಪಿಟ್ಟೆಲ್‌ಬೆರ್ಗ್ ಅನ್ನುವ ಹಳೇ ಕೇರಿಯನ್ನು ಕೆಡವುವ ಆಲೋಚನೆ ಇತ್ತು. ಕೆಡವಲು ತಡವಾಯಿತು. 1975ರಲ್ಲಿ ಹುಡುಗರು ಒಂದು ಮನೆ ಹಿಡಿದು ಕೂತರು, ಕೇರಿ ಉಳಿಯಿತು. ಹಳೇ ಮನೆ ಕೆಡವದೆ, ಇರುವವರನ್ನು ಎಬ್ಬಿಸದೆ, ಒಂದೊಂದಾಗಿ ನಲ್ಲಿ ಕಕ್ಕಸು ಒಳಗೆ ತರುವ ಪದ್ಧತಿಗೆ ಅವರು ಮೃದು ನವೀಕರಣ ಅಂತ ಹೆಸರಿಟ್ಟರು. ಹೆಸರು ಚೆನ್ನಾಗಿದೆ. ಅದರ ಅರ್ಧ ಜಾಣತನ, ಇನ್ನರ್ಧ ಕೈ ಖಾಲಿ ಇದ್ದದ್ದು ಅಂತ ನನ್ನ ಲೆಕ್ಕ. ವಾಸಕ್ಕೆ ಅತ್ಯುತ್ತಮ ನಗರ ಅನ್ನುವ ಪಟ್ಟಿಯಲ್ಲಿ ವಿಯೆನ್ನಾ ಮೇಲೆ ಬಂದಾಗಲೆಲ್ಲ ನೀರು, ಟ್ರಾಮ್, ಅಗ್ಗದ ಬಾಡಿಗೆ, ಜಾಗ ಅಂತ ಬರೆಯುತ್ತಾರೆ. ನೀರು 1873 ಮತ್ತು 1910ರದ್ದು, 40 ಲಕ್ಷ ಜನ ಬರುತ್ತಾರೆ ಅಂತ ಕಾದಿದ್ದ ಕಾಲದ್ದು. ಬರಬೇಕಾದವರು ಬರಲಿಲ್ಲ. ಬಾರದವರ ಪಾಲನ್ನು ಇದ್ದವರು ಉಣ್ಣುತ್ತಿದ್ದಾರೆ.

ಹಾಗಂತ ಕುಗ್ಗಿದ್ದೇ ಒಳ್ಳೆಯದಾಯಿತು ಅಂತ ನಾನು ಹೇಳಿದರೆ ಬಸ್ಸೇನಾ ಹತ್ತಿರ ಎಪ್ಪತ್ತು ವರ್ಷ ಬಕೆಟ್ ಹೊತ್ತ ಅಜ್ಜಿ ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ತಿರುವು ಬಂದ ಕಥೆ ನಿಮಗೆ ಗೊತ್ತೇ ಇದೆ, ಬೇಗ ಹೇಳಿಬಿಡುತ್ತೇನೆ. ಬ್ರೂನೋ ಕ್ರೈಸ್ಕಿ ಚಾನ್ಸೆಲರ್ ಆಗಿದ್ದಾಗ, 1979ರಲ್ಲಿ, ವಿಶ್ವಸಂಸ್ಥೆಗೆ ವರ್ಷಕ್ಕೆ 1 ಶಿಲಿಂಗ್ ಬಾಡಿಗೆಗೆ ದೊಡ್ಡ ಕಟ್ಟಡ ಕೊಟ್ಟರು. ತೊಟ್ಟಿಮನೆಯ ಖಾಲಿ ಕೋಣೆಗೆ ಗೌರವಸ್ಥ ಬಾಡಿಗೆದಾರರು ಸಿಕ್ಕ ಹಾಗೆ. ತುರ್ಕಿ, ಯುಗೋಸ್ಲಾವಿಯಾದಿಂದ 1960ರ ದಶಕದಲ್ಲೇ ಕೆಲಸಗಾರರನ್ನು ಕರೆಸಿಕೊಂಡಿದ್ದರು. ಆದರೆ ನಿಜವಾದ ಬದಲಾವಣೆ 1989ರದ್ದು. ಆ ಜೂನ್ 27ರಂದು ಆಸ್ಟ್ರಿಯಾ, ಹಂಗರಿಯ ವಿದೇಶಾಂಗ ಮಂತ್ರಿಗಳು ಕತ್ತರಿ ಹಿಡಿದು ಗಡಿಯ ತಂತಿ ಕತ್ತರಿಸಿದರು. ಹಿತ್ತಲು ಮತ್ತೆ ನಡುಮನೆಯಾಯಿತು. ಬಾಲ್ಕನ್ ಯುದ್ಧದಿಂದ ಓಡಿ ಬಂದವರು, 2004ರ ನಂತರ ಯುರೋಪಿಯನ್ ಯೂನಿಯನ್ ಸೇರಿದ ಪೂರ್ವದ ದೇಶಗಳವರು, ಸಿರಿಯಾದವರು, ಯುಕ್ರೇನಿನವರು. ಇಂದು ಊರಿನ ಹತ್ತು ಜನರಲ್ಲಿ ಸುಮಾರು ನಾಲ್ವರು ಬೇರೆ ದೇಶದಲ್ಲಿ ಹುಟ್ಟಿದವರು. ಬಂದವರನ್ನು ಎಲ್ಲಿ ಕೂರಿಸಿದರು? ಖಾಲಿ ಬಿದ್ದಿದ್ದ ರೈಲ್ವೆ ಜಾಗಗಳಲ್ಲಿ. ಕೆಡವಿದ ನಾರ್ಡ್‌ಬಾನ್‌ಹೋಫ್‌ನ ಅಂಗಳದಲ್ಲಿ ಹೊಸ ಬಡಾವಣೆ ಎದ್ದಿದೆ. ಹಳೇ ವಿಮಾನ ಇಳಿದಾಣದಲ್ಲಿ ಸೇಷ್ಟಾಟ್ ಅನ್ನುವ ಇನ್ನೊಂದು ಬಡಾವಣೆ ಎದ್ದಿದೆ. ಗ್ಯಾಸೋಮೀಟರಿನ ಹೊಟ್ಟೆಯೊಳಗೂ ಮನೆಗಳಿವೆ. ಬಾಡಿಗೆಯೂ ಏರುತ್ತಿದೆ. ಹೊಸದಾಗಿ ಬಂದವನಿಗೆ ಪಾಲಿಕೆಯ ಮನೆ ಸುಲಭಕ್ಕೆ ಸಿಗುವುದಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳು ಕೇಳಿದರು, "ಹಂಗಾದ್ರೆ ಎಲ್ಲ ಮೊದಲಿನ ಹಾಗೇ ಆಯ್ತಾ ಸಾರ್?"

ಅವರಿಗೆ ಒಂದು ರೈಲಿನ ಕಥೆ ಹೇಳಿದೆ. 1914ರ ಫೆಬ್ರವರಿಯಲ್ಲಿ ವಿಯೆನ್ನಾದ ನಡುವಿನಿಂದ ಪ್ರೆಸ್‌ಬುರ್ಗ್‌ಗೆ, ಅಂದರೆ ಇಂದಿನ ಬ್ರಾಟಿಸ್ಲಾವಾಕ್ಕೆ, ವಿದ್ಯುತ್ ರೈಲು ಶುರುವಾಯಿತು. ಸಂಜೆ ಹತ್ತಿ ಹೋಗಿ ನಾಟಕ ನೋಡಿ ಬರಬಹುದಾಗಿತ್ತು. ಆರು ತಿಂಗಳಿಗೆ ಯುದ್ಧ, ನಾಲ್ಕೂವರೆ ವರ್ಷಕ್ಕೆ ನಡುವೆ ಹೊಸ ಗಡಿ, ಮೂವತ್ತು ಚಿಲ್ಲರೆ ವರ್ಷಕ್ಕೆ ಮುಳ್ಳುತಂತಿ. ಈಗ ಬ್ರಾಟಿಸ್ಲಾವಾಕ್ಕೆ ಬೇರೆ ಎರಡು ದಾರಿಯಲ್ಲಿ ರೈಲುಗಳಿವೆ, ಬೇಕಾದಷ್ಟು. ಅಲ್ಲಿನವರು ಆಸ್ಟ್ರಿಯಾದ ಗಡಿ ಹಳ್ಳಿಗಳಲ್ಲಿ ಮನೆ ಕೊಂಡು ದಿನಾ ಓಡಾಡುತ್ತಾರೆ. ಆ ಹಳೇ ದಾರಿಯೂ ಬಹುಪಾಲು ಇದೆ. ಎಸ್-7 ಅನ್ನುವ ಲೋಕಲ್ ರೈಲು ಅದರ ಮೇಲೆ ಓಡುತ್ತದೆ. ಸೆಂಟ್ರಲ್ ಸ್ಮಶಾನ ದಾಟಿ, ವಿಮಾನ ನಿಲ್ದಾಣ ದಾಟಿ, ವೋಲ್ಫ್ಸ್‌ಥಾಲ್ ಅನ್ನುವ ಸಣ್ಣ ಊರಿಗೆ ಹೋಗಿ ನಿಲ್ಲುತ್ತದೆ. ಬ್ರಾಟಿಸ್ಲಾವಾ ಅಲ್ಲಿಂದ ಕೆಲವೇ ಕಿಲೋಮೀಟರ್. ಆದರೆ ಮುಂದೆ ಹಳಿ ಇಲ್ಲ.